ಪುಷ್ಪಕ ವಿಮಾನವೂ ನಮ್ಮ ಮಕ್ಕಳೂ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಮಕ್ಕಳ ಕನಸು ಮತ್ತು ವಿಜ್ಞಾನ ಎಂಬ ವಿಷಯವನ್ನು ನನಗೆ ವಹಿಸಿದ್ದೀರಿ. ವಿಷಯ ದೊಡ್ಡದು, ಹೊತ್ತು ಚಿಕ್ಕದು. ಆದ್ದರಿಂದ ಮಕ್ಕಳು ಕೇಳುವ ಒಂದೇ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ರಾಮಾಯಣ ಕೇಳಿದ ಮಗು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ: "ಅಪ್ಪಾ, ಪುಷ್ಪಕ ವಿಮಾನ ನಿಜವಾಗಿ ಹಾರಿತ್ತೇ?"

ಚರ್ಚ್‌ಗೇಟಿನಿಂದ ದಹಿಸರಿನವರೆಗೆ ನಿಂತುಕೊಂಡೇ ಬಂದ ತಂದೆಗೆ ಆ ಹೊತ್ತಿನಲ್ಲಿ ತಾಳ್ಮೆ ಎಲ್ಲಿಂದ ಬರಬೇಕು? "ಅದೆಲ್ಲ ಕಟ್ಟುಕಥೆ, ಸುಮ್ಮನೆ ಮಲಗು" ಎನ್ನುತ್ತಾನೆ. ಇಲ್ಲವೆ, "ಹಾರದೆ ಏನು? ಈಗಿನವರು ಮಾಡಿದ್ದೆಲ್ಲ ನಮ್ಮ ಋಷಿಗಳು ಅಂದೇ ಮಾಡಿಟ್ಟದ್ದು" ಎಂದುಬಿಡುತ್ತಾನೆ. ಮೊದಲನೆಯ ಉತ್ತರದಿಂದ ಮಗುವಿಗೆ ಬೇಸರವಾದೀತು. ಎರಡನೆಯದರ ನಷ್ಟ ಅದಕ್ಕಿಂತ ಹೆಚ್ಚೆಂದು ನನ್ನ ಎಣಿಕೆ. ಅಜ್ಜಂದಿರೇ ಎಲ್ಲವನ್ನೂ ಮಾಡಿ ಮುಗಿಸಿದ್ದರೆ ಮೊಮ್ಮಗನಿಗೆ ಮಾಡಲು ಉಳಿದದ್ದೇನು?

ಈ ಎರಡನೆಯ ಉತ್ತರಕ್ಕೆ ಆಧಾರವೆಂದು ತೋರಿಸುವ ಪುಸ್ತಕ ನಮ್ಮ ಕನ್ನಡನಾಡಿನಲ್ಲೇ ಹುಟ್ಟಿತು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು, ಭರದ್ವಾಜ ಮಹರ್ಷಿಯದೆಂದು ತಿಳಿಸಿ, "ವೈಮಾನಿಕ ಶಾಸ್ತ್ರ"ವೆಂಬ ಸಂಸ್ಕೃತ ಗ್ರಂಥವನ್ನು ಬಾಯಲ್ಲಿ ಹೇಳಿ ಬರೆಯಿಸಿದರು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವರ್ಣನೆಯಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ಇದನ್ನು ಪರೀಕ್ಷೆಗೆ ತೆಗೆದುಕೊಂಡರು. ಭಾಷೆಯನ್ನು ನೋಡಿದರು, ವಿಮಾನಗಳ ಆಕಾರ, ಅಳತೆಗಳನ್ನು ಲೆಕ್ಕಕ್ಕೆ ಹಚ್ಚಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದು ಹೇಳುವಂತೆ ಕಟ್ಟಿದ ಯಾವ ವಿಮಾನವೂ ಹಾರಲಾರದು, ಎಂಬುದು ಅವರ ತೀರ್ಮಾನ.

ನಮ್ಮ ಮುಂಬಯಿಗೂ ಈ ಕಥೆಗೂ ನಂಟುಂಟು. 1895ರಲ್ಲಿ ಶಿವಕರ ಬಾಪೂಜಿ ತಳಪದೆ ಎಂಬವರು ಚೌಪಾಟಿಯಲ್ಲಿ ವಿಮಾನ ಹಾರಿಸಿದರೆಂದು ಹೇಳುವುದನ್ನು ತಾವೂ ಕೇಳಿರಬಹುದು. ಶಾಸ್ತ್ರಿಗಳ ಸಲಹೆಯಂತೆ ತಳಪದೆಯವರು ಮಾದರಿಗಳನ್ನು ಕಟ್ಟಿದರು, ಆದರೆ ಅವು ಹಾರಲಿಲ್ಲ ಎಂದು ಆ ಐವರ ವರದಿಯೇ ಹೇಳುತ್ತದೆ. ಇಷ್ಟಾದ ಮೇಲೂ 2015ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಮೇಲೆ ಪ್ರಬಂಧ ಓದಿದ್ದಾಯಿತು!

ಶಾಸ್ತ್ರಿಗಳ ಮೇಲಾಗಲಿ ತಳಪದೆಯವರ ಮೇಲಾಗಲಿ ನನಗೆ ತಾತ್ಸಾರವಿಲ್ಲ. ಆಕಾಶದಲ್ಲಿ ಹಾರುವ ಆಸೆ ಹೊತ್ತವರು ಅವರು. ಆದರೆ ನಮ್ಮಲ್ಲಿ ಗುಮಾಸ್ತರೇ ಹೆಚ್ಚಲ್ಲವೇ; ವೋಚರಿಲ್ಲದ ಜಮೆಯನ್ನು ತಮ್ಮಲ್ಲಿ ಯಾರು ಖಾತೆಗೆ ಹತ್ತಿಸುತ್ತೀರಿ?

ಇನ್ನು ಅಮೆರಿಕದ ರೈಟ್ ಸಹೋದರರನ್ನು ನೋಡೋಣ. 1878ರಲ್ಲಿ ಅವರ ತಂದೆ ಬಿದಿರು, ಬೆಂಡು, ಕಾಗದ, ರಬ್ಬರುಗಳಿಂದ ಮಾಡಿದ ಹಾರುವ ಆಟಿಕೆಯೊಂದನ್ನು ತಂದುಕೊಟ್ಟರು. ಹುಡುಗರು ಅದು ಮುರಿಯುವವರೆಗೂ ಆಡಿ, ತಾವೇ ಅಂಥದನ್ನು ಕಟ್ಟಿದರು. ದೊಡ್ಡದಾಗಿ ಕಟ್ಟಿದಷ್ಟೂ ಹಾರಲು ಒಲ್ಲದು! ಏಕೆ? ಈ "ಏಕೆ" ಅವರನ್ನು ಬಿಡಲಿಲ್ಲ. ದೊಡ್ಡವರಾದ ಮೇಲೆ, ಪುಸ್ತಕದ ಕೋಷ್ಟಕಗಳು ತಮ್ಮ ಪ್ರಯೋಗಕ್ಕೆ ತಾಳೆಯಾಗದಾಗ, 1901ರಲ್ಲಿ ಮರದ ಪೆಟ್ಟಿಗೆಯೊಂದನ್ನು ಮಾಡಿ, ಅದರೊಳಗೆ ಗಾಳಿ ಹಾಯಿಸಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರ ಡಿಸೆಂಬರ್ 17ರಂದು ಅವರ ಯಂತ್ರ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ನಮ್ಮ ಲೋಕಲ್ ಗಾಡಿಯ ಎರಡು ಡಬ್ಬಗಳಷ್ಟು ಉದ್ದವೂ ಅಲ್ಲ. ಅದನ್ನು ಅವರು 120 ಅಡಿಯೆಂದೇ ಬರೆದಿಟ್ಟರು.

ನಮ್ಮವರೂ ಹೀಗೆ ಮಾಡಿದ್ದಾರೆ. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತರುಣರನ್ನು ಕೂಡಿಸಿಕೊಂಡು 360 ಕಿಲೋ ತೂಕದ "ಆರ್ಯಭಟ"ವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲೇರಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯ ಚಿತ್ರ ಹಿರಿಯರಿಗೆ ನೆನಪಿರಬೇಕು. ವಿದ್ಯುತ್ತಿನ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆದರೂ ಕೆಲಸ ಮುಂದುವರಿದು 1979ರಲ್ಲಿ "ಭಾಸ್ಕರ" ಹಾರಿತು. ಇಬ್ಬರು ಪ್ರಾಚೀನ ಗಣಿತಜ್ಞರ ಹೆಸರುಗಳು! ಪೂರ್ವಿಕರನ್ನು ನೆನೆಯುವ ಈ ಬಗೆ ನನಗೆ ಬಹಳ ಮೆಚ್ಚು.

ಹಾಗಾದರೆ ಮಗುವಿಗೆ ಹೇಳುವುದೇನು? "ಕಥೆಯಲ್ಲಿ ಹಾರಿತ್ತು, ಮಗೂ. ಹಾರಿಸಬೇಕೆಂಬ ಆಸೆ ವಾಲ್ಮೀಕಿಗೂ ಇತ್ತು, ನಿನಗೂ ಇದೆ. ಹಾರುವುದು ಹೇಗೆಂದು ನಾವಿಬ್ಬರೂ ನೋಡೋಣ" ಎನ್ನಬಹುದು. ನೋಡುವುದಕ್ಕೆ ಹಣವೇನೂ ಬೇಡ. ಸಂಕ್ರಾಂತಿಗೆ ಈ ಓಣಿಗಳಲ್ಲೆಲ್ಲ ಗಾಳಿಪಟಗಳೇ. ಒಂದಕ್ಕೆ ಎರಡು ಮೊಳ ಬಾಲ ಕಟ್ಟಿರಿ, ಇನ್ನೊಂದಕ್ಕೆ ನಾಲ್ಕು ಮೊಳ. ಯಾವುದು ತಲೆಕೆಳಗಾಯಿತು, ಯಾವುದು ನಿಂತಿತು ಎಂಬುದನ್ನು ಮಗುವೇ ಹಾಳೆಯ ಮೇಲೆ ಬರೆಯಲಿ.

ಮುಂದಿನ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಇಲ್ಲಿಗೆ ಕರೆತನ್ನಿರಿ. ಕಾಗದ, ಬಿದಿರುಕಡ್ಡಿ, ಅಂಟು ನಾನು ತರುತ್ತೇನೆ. ಹಳೆಯ ಸೀರೆಯ ಅಂಚಿದ್ದರೆ ಬಾಲಕ್ಕೆ ತಾವು ತನ್ನಿರಿ.