ಪುನರ್ಪುಳಿ ಬೀಜ ಬಿಸಾಡಬೇಡಿ



ಬೇಸಗೆ ಬಂದರೆ ಬೆಂಗ್ರೆಯಲ್ಲಿ ಪುನರ್ಪುಳಿ ಶರಬತ್ತು ಆಗ್ತದೆ. ಸಿಪ್ಪೆ ಒಣಗಿಸ್ತೇವೆ, ಬೀಜ ಹೊಯಿಗೆಗೆ ಬಿಸಾಡ್ತೇವೆ. ಒಂದು ಹಣ್ಣಿನ ಹುಳಿ ತಿರುಳಿನೊಳಗೆ 5ರಿಂದ 8 ಬೀಜ. ಒಣಗಿದ ಬೀಜದಲ್ಲಿ ಸುಮಾರು ಕಾಲುಭಾಗ ಕೊಬ್ಬು. ಹೆಚ್ಚಿನದು ಸ್ಟಿಯರಿಕ್, ಓಲಿಯಿಕ್ ಆಮ್ಲ. ಹಾಗಾಗಿ ತೆಂಗಿನೆಣ್ಣೆಯಂತೆ ಸೆಕೆಗೆ ಕರಗುವುದಿಲ್ಲ, 40 ಡಿಗ್ರಿಯ ಹತ್ತಿರದವರೆಗೂ ಗಟ್ಟಿ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಇದೇ. ಸೋಪು, ಕ್ರೀಮು ಮಾಡುವವರಿಗೂ ಬೇಕು.

ಗಿಡ ನೆಡುವವರಿಗೊಂದು ಮಾತು. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಹೂ ಬಿಡುವ ತನಕ ಏಳೆಂಟು ವರ್ಷ ನೀರು ಹೊಯ್ದರೂ ಗೊತ್ತಾಗದು. ಹಣ್ಣು ಬಿಟ್ಟ ಮರದಿಂದ ಕಟ್ಟಿದ ಕಸಿಗಿಡವನ್ನೇ ತನ್ನಿ.

ಒಂದು ಮನೆಯ ಬೀಜ ಒಂದು ಬೊಗಸೆ, ಯಾವ ಗಾಣದವನೂ ಮುಟ್ಟುವುದಿಲ್ಲ. ಸಂಘದಲ್ಲಿ ಗೋಣಿ ತುಂಬಿದರೆ ಮಾತು ಬೇರೆ. ಮಳೆಗೆ ಮೊದಲು ತೊಳೆದು, ಒಣಗಿಸಿ ತನ್ನಿ.