ಕ್ರೀಟಿನ ಒಂದು ಕಡಲತೀರ



ಗ್ರೀಸ್ ದೇಶದ ಕ್ರೀಟ್ ದ್ವೀಪವೆಂದೊಡನೆ ಓದಿದವರಿಗೆ ನೆನಪಾಗುವುದು ಮೀನೋಸ್ ದೊರೆಯ ಅರಮನೆ. ಅದೇ ದ್ವೀಪದ ದಕ್ಷಿಣದ ಅಂಚಿನಲ್ಲಿ, ಆಫ್ರಿಕದ ಕಡೆಗೆ ಮುಖಮಾಡಿ, ಪ್ರೆವೆಲಿ ಎಂಬ ಸಣ್ಣ ಕಡಲತೀರವಿದೆ. ಈ ಹೊತ್ತು ತಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ನಮ್ಮ ಆಸೆ.

ದಾರಿ ಸುಲಭವಾದುದಲ್ಲ. ಗಾಡಿಯ ರಸ್ತೆ ಗುಡ್ಡದ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಕಡಿದಾದ ಕಲ್ಲುಹಾದಿಯಲ್ಲಿ ಇಳಿಯಬೇಕು. ನಾವು ಇಳಿದಾಗ ನೆರಳೆಂಬುದೇ ಇರಲಿಲ್ಲ. ಸುತ್ತ ಬೋಳು ಬಂಡೆ, ಮುಳ್ಳುಪೊದೆ, ಕೆಳಗೆ ಲಿಬಿಯನ್ ಸಮುದ್ರದ ನೀಲಿ. ತಿರುವೊಂದನ್ನು ದಾಟಿದೊಡನೆ ಹಸುರು ಕಣ್ಣಿಗೆ ಬಿದ್ದಿತು. ಕೂರ್ತಾಲಿಯೋಟಿಕೊ ಎಂಬ ಕಮರಿಯಿಂದ ಹರಿದುಬರುವ ಹೊಳೆ, ಕಡಲನ್ನು ಸೇರುವ ಮುನ್ನ ಮರಳಿನ ಹಿಂದೆ ನಿಂತು ಕೊಳವಾಗುತ್ತದೆ. ಅದರ ದಡಗಳಲ್ಲಿ ಬೆಳೆದಿರುವ ಮರಗಳು ನಮ್ಮ ಈಚಲಿನ ದಾಯಾದಿಗಳು. ಪ್ರಾಚೀನ ಗ್ರೀಸಿನ ಸಸ್ಯಶಾಸ್ತ್ರಜ್ಞ ಥಿಯೊಫ್ರಾಸ್ಟಸನ ಹೆಸರನ್ನು ಈ ಜಾತಿಗೆ 1967ರಲ್ಲಿ ಇಟ್ಟರು. ಹಣ್ಣಿಗೆ ರುಚಿಯಿಲ್ಲ, ನೆರಳು ಮಾತ್ರ ತಂಪು.

ಈ ಏಕಾಂತವು ಒಮ್ಮೆ ಅನೇಕರ ಪ್ರಾಣವನ್ನು ಉಳಿಸಿತು. 1941ರ ಮೇ ತಿಂಗಳಲ್ಲಿ ಜರ್ಮನ್ ಸೈನಿಕರು ಪ್ಯಾರಾಷೂಟುಗಳಲ್ಲಿ ಇಳಿದು ಕ್ರೀಟನ್ನು ಹಿಡಿದರು. ಹಡಗು ಸಿಕ್ಕದೆ ಹಿಂದುಳಿದ ಬ್ರಿಟಿಷ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸಿಪಾಯಿಗಳು ಬೆಟ್ಟಗಳಲ್ಲಿ ಅಲೆದರು. ಸಮೀಪದಲ್ಲಿಯೇ ಪ್ರೆವೆಲಿಯ ಕ್ರೈಸ್ತ ಮಠವಿದೆ. ಮಠಾಧಿಪತಿ ಅಗಾಥಾಂಗೆಲೋಸ್ ಲಾಗೂವಾರ್ಡೋಸ್, ಅಲ್ಲಿನ ಸಂನ್ಯಾಸಿಗಳು, ಸುತ್ತಣ ಹಳ್ಳಿಗರು ಆ ಸಿಪಾಯಿಗಳನ್ನು ಬಚ್ಚಿಟ್ಟು ಅನ್ನವಿಕ್ಕಿದರು. ಸಿಕ್ಕಿಬಿದ್ದರೆ ಮರಣದಂಡನೆಯೆಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬ್ರಿಟಿಷ್ ಸಬ್‌ಮೆರೀನುಗಳು ಇರುಳಿನಲ್ಲಿ ಈ ತೀರದ ಸಮೀಪಕ್ಕೆ ಬಂದು, ಅವರಲ್ಲಿ ಅನೇಕರನ್ನು ಈಜಿಪ್ಟಿಗೆ ಒಯ್ದವು. ಅದರ ಬೆಲೆಯನ್ನು ತೆತ್ತವರು ಮಠದವರು. ಜರ್ಮನರು ಮಠವನ್ನು ಸೂರೆಮಾಡಿದರು. ಕೆಳಗಿನ ಹಳೆಯ ಮಠವು ಹಾಳಾಯಿತು. ಮಠಾಧಿಪತಿಯು ತಾನೇ ಈಜಿಪ್ಟಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು.

2010ರ ಆಗಸ್ಟಿನಲ್ಲಿ ತೋಪಿಗೆ ಬೆಂಕಿ ಬಿದ್ದು ಮರಗಳೆಲ್ಲ ಕರಿಕಾದವು. ತೋಪು ಮುಗಿಯಿತೆಂದೇ ಹಲವರು ಬಗೆದರು. ಆದರೆ ಸುಟ್ಟ ಕಾಂಡಗಳ ಒಳಗೆ ಜೀವವಿತ್ತು. ತುದಿಯಲ್ಲಿ ಗರಿ ಚಿಗುರಿ, ತೋಪು ಮತ್ತೆ ಹಸುರಾಯಿತು.

ಅಂದು ಅಡಗಲು ಬಂದವರಿಗೆ ಈ ತೀರವು ಮರೆಯಾಯಿತು. ಇಂದು ಬೇಸಗೆಯಲ್ಲಿ ನೋಡಲು ಬರುವವರು ಬಹಳ. ದುರ್ಗಮವಾದ ದಾರಿಯೊಂದೇ ಇನ್ನು ಅದನ್ನು ಕಾಯಲಾರದು. ಒಂದು ಕಿಡಿ ಸಾಕು, ತೋಪು ಮತ್ತೊಮ್ಮೆ ಬೂದಿಯಾಗಲು. ಮನೆಬಾಗಿಲಿಗೆ ಬಂದ ಅಪರಿಚಿತರನ್ನು ಆ ಜನ ಪ್ರಾಣವನ್ನು ಪಣವಾಗಿಟ್ಟು ಕಾಪಾಡಿದರು. ಅವರ ಹೊಳೆಯನ್ನೂ ಮರಗಳನ್ನೂ ಕಾಪಾಡುವುದು ಅಲ್ಲಿಗೆ ಹೋಗುವ ಅಪರಿಚಿತರಾದ ನಮ್ಮ ಪಾಲಿನ ಋಣ.