ಸಣ್ಣ ಸೆಲ್ಲಿನಿಂದ ದೊಡ್ಡ ಒತ್ತಡ



ಗೋಡೆಯ ಗಡಿಯಾರದಲ್ಲಿ ವರ್ಷಕಾಲ ದುಡಿದು ದಣಿದ ಸೆಲ್ಲನ್ನು ಸತ್ತಿತೆಂದು ನಾವು ಕಸಕ್ಕೆ ಹಾಕುತ್ತೇವೆ. ಅದು ಪೂರ್ತಿಯಾಗಿ ಸತ್ತಿರುವುದಿಲ್ಲ. ಹೊಸತಾಗಿದ್ದಾಗ ೧.೫ ವೋಲ್ಟು ಇದ್ದ ಅದರ ಒತ್ತಡವು ೧ ವೋಲ್ಟಿನ ಸಮೀಪಕ್ಕೆ ಇಳಿದಿರುತ್ತದೆ, ಅಷ್ಟೆ. ಬಿಳಿಯ ಎಲ್.ಇ.ಡಿ. ದೀಪ ಬೆಳಗಬೇಕಾದರೆ ಸುಮಾರು ೩ ವೋಲ್ಟು ಒತ್ತಡ ಬೇಕು. ಹೊಸ ಸೆಲ್ಲೊಂದು ಕೂಡ ತಾನೇ ಅದನ್ನು ಬೆಳಗಲಾರದು. ಹೀಗಿರಲು, ದಣಿದ ಸೆಲ್ಲೊಂದರಿಂದಲೇ ಆ ದೀಪವನ್ನು ಉರಿಸುವ ಉಪಾಯವೊಂದುಂಟು. ಅದನ್ನು ಮನೆಯಲ್ಲಿಯೇ ಕಟ್ಟುವುದು ಹೇಗೆ, ಅದಕ್ಕಿಂತ ಹೆಚ್ಚಾಗಿ, ಕಟ್ಟಿದ್ದನ್ನು ಮೋಸಹೋಗದೆ ಅಳೆಯುವುದು ಹೇಗೆ, ಎಂಬುದೇ ಈ ಹೊತ್ತಿನ ಮಾತು.

ಒತ್ತಡವನ್ನು ಏರಿಸುವುದು ಹೊಸ ವಿದ್ಯೆಯಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗಲೂ ಒತ್ತಡವನ್ನು ಏರಿಸಿಯೇ ಒಯ್ದರು. ಆದರೆ ಅಲ್ಲಿಯದು ಕ್ಷಣಕ್ಷಣಕ್ಕೂ ದಿಕ್ಕನ್ನು ಬದಲಿಸುವ ಪ್ರವಾಹ. ಟ್ರಾನ್ಸ್‌ಫಾರ್ಮರು ಒಂದಿದ್ದರೆ ಕೆಲಸವಾಯಿತು. ಸೆಲ್ಲಿನ ಪ್ರವಾಹವೋ ಒಂದೇ ದಿಕ್ಕಿನದು. ಅದನ್ನು ಕಡಿದು ಕಡಿದು ಹರಿಸಬೇಕು. ನಲ್ಲಿಯಲ್ಲಿ ರಭಸವಾಗಿ ಬರುತ್ತಿರುವ ನೀರನ್ನು ಥಟ್ಟನೆ ನಿಲ್ಲಿಸಿದರೆ ಕೊಳವೆಯು ಗುದ್ದಿದಂತೆ ಸದ್ದು ಮಾಡುವುದನ್ನು ನೀವೆಲ್ಲರೂ ಕೇಳಿದ್ದೀರಿ. ಕಬ್ಬಿಣದ ತಿರುಳಿಗೆ ಸುತ್ತಿದ ತಂತಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ಥಟ್ಟನೆ ತಡೆದಾಗಲೂ ಅಂಥದೇ ಗುದ್ದು ಏಳುತ್ತದೆ. ಅದೇ ಏರಿದ ಒತ್ತಡ. ಫ್ಯಾರಡೆಯು ೧೮೩೧ರಲ್ಲಿ ಕಂಡ ನಿಯಮ ಇದಕ್ಕೆ ಮೂಲ. ಐರ್ಲೆಂಡಿನ ಮೇನೂತ್ ಕಾಲೇಜಿನ ನಿಕೊಲಸ್ ಕ್ಯಾಲನ್ ಎಂಬ ಪಾದ್ರಿಯು ೧೮೩೬ರಲ್ಲಿಯೇ ಇಂಥ ಸುರುಳಿಯನ್ನು ರಚಿಸಿದನು. ಅಂದು ಪ್ರವಾಹವನ್ನು ಕಡಿಯುವುದಕ್ಕೆ ಯಂತ್ರದ ಅಲುಗಾಟ ಬೇಕಾಗಿತ್ತು. ಇಂದು ಆ ಕೆಲಸವನ್ನು ಕಾಳಿನಷ್ಟು ದೊಡ್ಡ ಟ್ರಾನ್ಸಿಸ್ಟರು ಮಾಡುತ್ತದೆ. ಒಂದು ವೋಲ್ಟಿನಿಂದ ಎಲ್.ಇ.ಡಿ. ಬೆಳಗುವ ಸುಲಭ ಜೋಡಣೆಯೊಂದನ್ನು ಕಪಾರ್ನಿಕ್ ಎಂಬವರು ೧೯೯೯ನೆಯ ನವೆಂಬರಿನಲ್ಲಿ ಇಂಗ್ಲೆಂಡಿನ ‘ಎವೆರಿಡೇ ಪ್ರ್ಯಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಅದಕ್ಕೆ ‘ಜೌಲ್ ಥೀಫ್’ ಎಂಬ ಹೆಸರು ಬಿತ್ತು. ಒಡವೆಗಳ್ಳ ಎಂಬರ್ಥದ ಇಂಗ್ಲಿಷ್ ಮಾತಿನೊಡನೆ ಆಡಿದ ಶ್ಲೇಷೆ ಇದು. ಹೆಸರು ಚೆನ್ನಾಗಿದೆ; ಆದರೆ ಇಲ್ಲಿ ಕಳವು ಏನೂ ನಡೆಯುವುದಿಲ್ಲ.

ಬೇಕಾದ ಸಾಮಗ್ರಿ ಸ್ವಲ್ಪವೇ. ಬೆರಳುಂಗುರದಷ್ಟು ಅಗಲದ ಫೆರೈಟು ಉಂಗುರವೊಂದು ಮುಖ್ಯ. ಕೆಟ್ಟ ಸಿ.ಎಫ್.ಎಲ್. ದೀಪದ ಬುಡದಲ್ಲಿಯೂ ಚಿಕ್ಕದೊಂದು ಸಿಕ್ಕುತ್ತದೆ. ಆದರೆ ಗಾಜಿನ ಕೊಳವೆಯನ್ನು ಒಡೆಯಬಾರದು, ಅದರೊಳಗೆ ಪಾದರಸವಿದೆ. ಕೆಂಪು ಮತ್ತು ಹಸಿರು ಹೊದಿಕೆಯ ಎರಡು ತೆಳು ತಂತಿಗಳನ್ನು ಜೊತೆಯಾಗಿ ಹಿಡಿದು ಉಂಗುರಕ್ಕೆ ಸುಮಾರು ೨೦ ಸುತ್ತು ಸುತ್ತಬೇಕು. ಕೆಂಪಿನ ಆರಂಭವನ್ನೂ ಹಸಿರಿನ ಕೊನೆಯನ್ನೂ ಕೂಡಿಸಿ ಸೆಲ್ಲಿನ ಧನಾಗ್ರಕ್ಕೆ ಸೇರಿಸಿರಿ. ಕೆಂಪಿನ ಕೊನೆಯು ಬಿ.ಸಿ. ೫೪೭ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. ಹಸಿರಿನ ಆರಂಭವು ೧೦೦೦ ಓಮಿನ ರೆಸಿಸ್ಟರಿನ ಮೂಲಕ ಅದರ ಬೇಸಿಗೆ. ಎಮಿಟರು ಸೆಲ್ಲಿನ ಋಣಾಗ್ರಕ್ಕೆ. ಎಲ್.ಇ.ಡಿ.ಯ ಉದ್ದ ಕಾಲು ಕಲೆಕ್ಟರಿಗೆ, ಗಿಡ್ಡ ಕಾಲು ಎಮಿಟರಿಗೆ. ದೀಪ ಬೆಳಗದಿದ್ದರೆ ಬೇಸರಪಡಬೇಡಿ. ಹತ್ತಕ್ಕೆ ಒಂಬತ್ತು ಸಾರಿ ಹಸಿರು ತಂತಿಯ ತುದಿಗಳು ಅದಲುಬದಲಾಗಿರುತ್ತವೆ.

ಒಳಗೆ ನಡೆಯುವುದಿಷ್ಟು. ಟ್ರಾನ್ಸಿಸ್ಟರು ತೆರೆದೊಡನೆ ಕೆಂಪು ಸುರುಳಿಯಲ್ಲಿ ಪ್ರವಾಹವು ಬೆಳೆಯುತ್ತದೆ; ಆ ಬೆಳವಣಿಗೆಯೇ ಹಸಿರು ಸುರುಳಿಯಲ್ಲಿ ಒತ್ತಡವನ್ನು ಹುಟ್ಟಿಸಿ ಬಾಗಿಲನ್ನು ಇನ್ನಷ್ಟು ತೆರೆಯಿಸುತ್ತದೆ. ಬೆಳೆಯುವುದು ನಿಂತ ಕ್ಷಣ ಹಸಿರು ಸುರುಳಿ ಕೈಬಿಡುತ್ತದೆ, ಬಾಗಿಲು ಥಟ್ಟನೆ ಮುಚ್ಚುತ್ತದೆ. ಹರಿಯಲು ದಾರಿ ಕಾಣದ ಪ್ರವಾಹವು ತನ್ನ ಒತ್ತಡವನ್ನು ಏರಿಸಿಕೊಂಡು ಎಲ್.ಇ.ಡಿ.ಯ ಮೂಲಕ ನುಗ್ಗುತ್ತದೆ. ಇದು ಸೆಕೆಂಡಿಗೆ ಹತ್ತಾರು ಸಾವಿರ ಸಾರಿ ನಡೆಯುವುದರಿಂದ ಕಣ್ಣಿಗೆ ದೀಪವು ಎಡೆಬಿಡದೆ ಉರಿಯುವಂತೆ ತೋರುತ್ತದೆ.

ಈಗ ಅಳತೆ. ಇಲ್ಲಿ ನಾವೇ ಮೊದಲು ಮುಗ್ಗರಿಸಿದೆವು. ಉರಿಯುತ್ತಿರುವ ದೀಪದ ಎರಡು ಕಾಲುಗಳಿಗೆ ಮಲ್ಟಿಮೀಟರನ್ನು ಮುಟ್ಟಿಸಿದರೆ ಅದು ತೋರಿಸಿದ್ದು ೧.೨ ವೋಲ್ಟು, ಸೆಲ್ಲಿನಲ್ಲಿದ್ದುದೂ ಅಷ್ಟೇ! ಏರಿಕೆಯೇ ಇಲ್ಲ, ದೀಪ ಮಾತ್ರ ಉರಿಯುತ್ತಿದೆ. ಮೀಟರು ಕೆಟ್ಟಿದೆಯೆಂದು ಅರ್ಧ ದಿನ ಅದನ್ನು ಬಿಚ್ಚಿ ಕಟ್ಟಿದೆವು. ತಪ್ಪು ಮೀಟರಿನದಾಗಿರಲಿಲ್ಲ. ಏರುವ ಇಳಿಯುವ ಒತ್ತಡದ ಸರಾಸರಿಯನ್ನು ಹೇಳುವುದಷ್ಟೇ ಅದರ ಧರ್ಮ. ಸುರುಳಿಯು ಒಂದು ಗಳಿಗೆ ತಡೆದ ಒತ್ತಡವನ್ನು ಮರುಗಳಿಗೆಯಲ್ಲಿ ಹಿಂದಿರುಗಿಸುವುದರಿಂದ ಸರಾಸರಿಯಲ್ಲಿ ಸೆಲ್ಲಿನ ಒತ್ತಡವೇ ಉಳಿಯುತ್ತದೆ.

ಆದುದರಿಂದ ಎಲ್.ಇ.ಡಿ.ಯನ್ನು ತೆಗೆದು, ಅದರ ಜಾಗದಲ್ಲಿ ಡಯೋಡು ಒಂದನ್ನೂ ಅದರ ಮುಂದೆ ೬೩ ವೋಲ್ಟು ತಾಳುವ ಕೆಪಾಸಿಟರನ್ನೂ ಇರಿಸಬೇಕು. ಗುದ್ದುಗಳು ಅದರಲ್ಲಿ ಶೇಖರವಾಗುತ್ತವೆ. ಹೀಗೆ ಮಾಡಿದಾಗ ಮೀಟರು ೩೦ ವೋಲ್ಟನ್ನು ತೋರಿಸಿತು. ನಮ್ಮ ಬಳಿ ಬರುವ ವಿದ್ಯಾರ್ಥಿ ಮಿತ್ರನೊಬ್ಬನು ಇದನ್ನು ಕಂಡು ಕುಣಿದಾಡಿದನು. ಸೆಲ್ಲಿನಿಂದ ಹೊರಡುವ ಪ್ರವಾಹ ೬೦ ಮಿಲಿಆಂಪಿಯರು. ೩೦ ವೋಲ್ಟಿನಿಂದ ಗುಣಿಸಿದರೆ ೧.೮ ವ್ಯಾಟು. ಸೆಲ್ಲು ಕೊಟ್ಟದ್ದಾದರೋ ೧.೨ ವೋಲ್ಟಿನಂತೆ ೭೨ ಮಿಲಿವ್ಯಾಟು. ಒಂದಕ್ಕೆ ಇಪ್ಪತ್ತೈದು ಲಾಭ! ಪ್ರಪಂಚದ ವಿದ್ಯುತ್ ಕ್ಷಾಮವು ಅಂದು ಸಂಜೆಯೇ ತೀರಿಹೋಗುವಂತೆ ಅವನಿಗೆ ತೋರಿತು. ಬಿಟ್ಟಿ ಶಕ್ತಿಯ ಯಂತ್ರವೆಂದು ಹಣ ಕೀಳುವವರ ಲೆಕ್ಕವೂ ಬಹುಮಟ್ಟಿಗೆ ಇದೇ ಜಾತಿಯದು. ಅವನದು ಕೇವಲ ಉತ್ಸಾಹ, ಅವರದು ಹಾಗಲ್ಲ.

ನಾವು ವಾದಿಸಲಿಲ್ಲ. ಕೆಪಾಸಿಟರಿಗೆ ಅಡ್ಡಲಾಗಿ ೧೦೦೦ ಓಮಿನ ರೆಸಿಸ್ಟರೊಂದನ್ನು ಜೋಡಿಸೆಂದೆವು, ಎಂದರೆ ಹೊರೆಯನ್ನು ಹೊರಿಸೆಂದೆವು. ೩೦ ವೋಲ್ಟು ಕಣ್ಣೆದುರಿಗೇ ಜಾರಿ ೬ಕ್ಕೆ ನಿಂತಿತು. ೬ ವೋಲ್ಟು, ೬ ಮಿಲಿಆಂಪಿಯರು, ೩೬ ಮಿಲಿವ್ಯಾಟು. ಸೆಲ್ಲಿನ ಕಡೆಯ ಪ್ರವಾಹವನ್ನೂ ಮತ್ತೆ ಅಳೆದೆವು. ಅಲ್ಲಿಯೂ ಒಂದು ಎಚ್ಚರಿಕೆಯುಂಟು: ಮೀಟರಿನ ಆಂಪಿಯರು ಭಾಗವನ್ನೇ ನಡುವೆ ಇಟ್ಟರೆ ಅದರ ತಡೆಯು ಬಡ ಸೆಲ್ಲಿಗೆ ಭಾರವಾಗುತ್ತದೆ. ೧ ಓಮಿನ ರೆಸಿಸ್ಟರನ್ನಿಟ್ಟು, ಅದರ ಆಚೆಗೆ ದೊಡ್ಡ ಕೆಪಾಸಿಟರೊಂದರಿಂದ ಪ್ರವಾಹದ ಏರಿಳಿತವನ್ನು ತಗ್ಗಿಸಿ, ರೆಸಿಸ್ಟರಿನ ಮೇಲಿನ ಮಿಲಿವೋಲ್ಟನ್ನು ಓದುವುದು ಮೇಲು. ಓದಿದರೆ ೬೦. ಕೊಟ್ಟದ್ದು ೭೨, ಬಂದದ್ದು ೩೬. ಉಳಿದರ್ಧವು ಟ್ರಾನ್ಸಿಸ್ಟರು, ತಂತಿ, ತಿರುಳು, ಡಯೋಡುಗಳನ್ನು ಬೆಚ್ಚಗೆ ಮಾಡುವುದರಲ್ಲಿ ಕಳೆಯಿತು.

ಹುಡುಗನ ಮುಖ ಬಾಡಿತು. ಹಾಗೆಂದು ಈ ಯಂತ್ರವನ್ನು ಹೀನಾಯವಾಗಿ ಕಾಣಬೇಕಾದುದಿಲ್ಲ. ಒಮ್ಮೆ ನಡೆಯಲಾರಂಭಿಸಿದರೆ ೦.೬ ವೋಲ್ಟಿನ ಆಸುಪಾಸಿನವರೆಗೂ ಇದು ಸೆಲ್ಲನ್ನು ಬಿಡುವುದಿಲ್ಲ. ದೊರೆಯುವುದು ಬೆಳೆಯಲ್ಲ, ಕೊಯ್ದ ಗದ್ದೆಯ ಹಕ್ಕಲು; ರಾತ್ರಿ ಬೀಗದ ಕಿಂಡಿಯನ್ನು ಹುಡುಕಲು ಅಷ್ಟು ಬೆಳಕು ಧಾರಾಳವಾಗಿ ಸಾಕು. ಆದರೆ ಪೂರ್ತಿ ಹಿಂಡಿದ ಸೆಲ್ಲು ಕ್ಷಾರವನ್ನು ಒಸರುವುದುಂಟು. ಅದನ್ನು ಜೋಡಣೆಯಲ್ಲಿಯೇ ಮರೆತು ಬಿಡಬಾರದು.

ಮುಂದಿನ ಭಾನುವಾರ ಆ ಮಿತ್ರನು ಮತ್ತೆ ಬಂದನು. ಕೈಯಲ್ಲಿ ಬೇರೊಂದು ಉಂಗುರ, ಕಡಮೆ ಒತ್ತಡವನ್ನು ನುಂಗುವ ಷಾಟ್ಕಿ ಡಯೋಡು, ಮತ್ತು ಅಂಕಣ ಎಳೆದ ಪುಸ್ತಕ. ಇಪ್ಪತ್ತೈದು ಪಟ್ಟಿನ ಮಾತನ್ನು ಅವನು ಎತ್ತಲಿಲ್ಲ. ನೂರಕ್ಕೆ ಐವತ್ತನ್ನು ಅರವತ್ತು ಮಾಡಬಹುದೇ ಎಂದು ಕೇಳಿದನು. ಕುಳಿತು ಸುತ್ತತೊಡಗಿದೆವು.